ಮೋಟಾರಿನ ಮಿದುಳು

ಸಾಹಿತ್ಯಕ್ಕೆಂದು ಮೀಸಲಾದ ಈ ಪುಟಗಳಲ್ಲಿ ಮೋಟಾರು ಗಾಡಿಯೊಳಗಿನ ಒಂದು ಪೆಟ್ಟಿಗೆಯ ವಿಚಾರವನ್ನು ಎತ್ತುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳಲ್ಲಿ ಅಡಕೆಯ ಧಾರಣೆಯ ಮಾತು ಮುಗಿದ ಮೇಲೆ ಜಗಲಿಯಲ್ಲಿ ಏಳುವ ಮುಂದಿನ ಮಾತು ಬಹುಮಟ್ಟಿಗೆ ಜೀಪಿನದೇ ಆಗಿರುವುದು. ಇಲ್ಲಿಯ ತೋಟಗಳು ಹೆದ್ದಾರಿಯ ಅಂಚಿನಲ್ಲಿ ಇರುವುದು ಅಪರೂಪ. ಗುಡ್ಡವನ್ನು ಇಳಿದು, ಹೊಳೆಯನ್ನು ದಾಟಿ, ಮತ್ತೊಂದು ಗುಡ್ಡದ ಬುಡವನ್ನು ಸೇರಿದರೆ ಮನೆ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ಈ ನೆಲದಲ್ಲಿ, ಆಟಿ ತಿಂಗಳ ಕೆಸರಿನಲ್ಲಿ ನಾಲ್ಕು ಚಕ್ರಕ್ಕೂ ಬಲ ಹರಿಯುವ ಗಾಡಿಯಿಲ್ಲದಿದ್ದರೆ ಗೊಬ್ಬರ ಮನೆಗೆ ಬರುವುದೂ ಕಷ್ಟ, ರಾತ್ರಿ ಹೊತ್ತಿನಲ್ಲಿ ರೋಗಿಯನ್ನು ಪುತ್ತೂರಿಗೆ ಮುಟ್ಟಿಸುವುದೂ ಕಷ್ಟ. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸಂಪಾಜೆ ಘಟ್ಟದ ಹೆದ್ದಾರಿ ಮುಚ್ಚಿದಾಗ, ನಂಬಿಕೆಯುಳ್ಳ ಗಾಡಿಯೊಂದರ ಬೆಲೆ ಏನೆಂಬುದು ಈ ಭಾಗದವರಿಗೆ ಇನ್ನೊಮ್ಮೆ ಮನದಟ್ಟಾಯಿತು. ಆದುದರಿಂದ ಜೀಪಿನ ಮಿದುಳಿನ ಪ್ರಶ್ನೆಯು ನಮ್ಮಲ್ಲಿ ಕೇವಲ ವಿನೋದದ ಪ್ರಶ್ನೆಯಲ್ಲ. ಅದು ಮನೆವಾರ್ತೆಯ ಪ್ರಶ್ನೆಯೂ ಹೌದು.

ಪ್ರಕೃತ ಪ್ರಸಂಗವು ಹೀಗಿದೆ. ನನ್ನ ತಮ್ಮನ ಮನೆಯಲ್ಲಿ ಇಪ್ಪತ್ತು ವರ್ಷ ಹಳೆಯದಾದ ಜಿಪ್ಸಿಯೊಂದು ಇದೆ. ತಮ್ಮನ ಮಗನಿಗೆ ಕೆಸರಿನಲ್ಲಿಯೂ ಕಲ್ಲುಹೊಳೆಯಲ್ಲಿಯೂ ಗಾಡಿಯನ್ನು ಓಡಿಸಿ ಸ್ಪರ್ಧಿಸುವ ಹುಚ್ಚು. ಆ ಆಟಕ್ಕೆಂದೇ ಅವನು ಇಬ್ಬರು ಗೆಳೆಯರೊಡನೆ ಸೇರಿ ಇನ್ನೊಂದು ಹಳೆಯ ಜಿಪ್ಸಿಯನ್ನು ಕೊಂಡು, ಅದರ ಇಂಜಿನನ್ನು ಇಳಿಸಿ, ಬೇರೆ ಇಂಜಿನು ಕೂರಿಸಲು ತೊಡಗಿರುವನು. ಈ ಎರಡು ಗಾಡಿಗಳಿಗೂ ಕಂಪೆನಿಯ ಪೆಟ್ಟಿಗೆಯನ್ನು ತೆಗೆದು ಹೊರಗಿನ ಪೆಟ್ಟಿಗೆಯನ್ನು ಹಾಕಿಸಬೇಕೆಂಬುದು ಅವನ ಸಂಕಲ್ಪ. ಹಣ ಕೊಡಬೇಕಾದ ತಮ್ಮನು, “ದೊಡ್ಡಪ್ಪ ಒಪ್ಪಿದರೆ ಕೊಡುತ್ತೇನೆ” ಎಂದು ಜಾಣತನದಿಂದ ಭಾರವನ್ನು ನನ್ನ ತಲೆಗೆ ಜಾರಿಸಿದನು. ನಾನಾದರೋ ವ್ಯಾಕರಣವನ್ನು ಓದಿದವನು, ಇಂಜಿನಿನ ಸಹವಾಸವಿಲ್ಲದವನು. ಆದರೂ ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳದೆ ಸಿದ್ಧಾಂತವನ್ನು ಹೇಳಬಾರದೆಂಬ ಶಿಕ್ಷಣ ನನಗೆ ಪಾಠಶಾಲೆಯಲ್ಲಿ ದೊರೆತಿದ್ದಿತು. ಹುಡುಗನಿಂದಲೂ, ಒಂದು ಕಾಲಕ್ಕೆ ನನ್ನ ಶಿಷ್ಯನಾಗಿದ್ದ ಸುಳ್ಯದ ಮೆಕ್ಯಾನಿಕನಿಂದಲೂ, ಕೆಲವು ಪುಸ್ತಕಗಳಿಂದಲೂ ತಿಳಿದುದನ್ನು ಇಲ್ಲಿ ನಿವೇದಿಸುವೆನು.

ಮೊದಲು ಆ ಪೆಟ್ಟಿಗೆ ಏನು ಮಾಡುವುದೆಂಬುದನ್ನು ಹೇಳಬೇಕು. ಹುಡುಗರು ಅದನ್ನು ಇ.ಸಿ.ಯು. ಎನ್ನುವರು, ನಿಯಾಮಕವೆಂದು ಕರೆದರೆ ಅರ್ಥ ಸ್ಪಷ್ಟವಾದೀತು. ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು ೧೪.೭ ತೂಕ ಗಾಳಿ ಬೇಕು. ಭಾರ ಹೊತ್ತು ಏರು ಹತ್ತುವಾಗ ಅದೇ ಪ್ರಮಾಣವು ಹದಿಮೂರರ ಆಸುಪಾಸಿಗೆ ಇಳಿಯಬೇಕು. ಇಲ್ಲವಾದರೆ ಇಂಜಿನು ಒಳಗಿಂದೊಳಗೇ ಬಿಸಿಯೇರುವುದು. ಹಿಂದೆ ಈ ಕೆಲಸವನ್ನು ಕಾರ್ಬ್ಯುರೇಟರು ಎಂಬ ಹಿತ್ತಾಳೆ-ಅಲ್ಯುಮಿನಿಯಮ್ಮಿನ ಪಾತ್ರೆ ಕಣ್ಣಳತೆಯಲ್ಲಿ ಮಾಡುತ್ತಿದ್ದಿತು. ಈಗ ಗಾಳಿಯ ಒತ್ತಡವನ್ನೂ ನೀರಿನ ಬಿಸಿಯನ್ನೂ ಇಂಜಿನಿನ ಸುತ್ತನ್ನೂ ಅಳೆಯುವ ಸೆನ್ಸರುಗಳು ತಂತಿಯ ಮೂಲಕ ಪೆಟ್ಟಿಗೆಗೆ ವರದಿ ಒಪ್ಪಿಸುವುವು. ಪೆಟ್ಟಿಗೆಯು ತನ್ನೊಳಗಿನ ಕೋಷ್ಟಕವನ್ನು ನೋಡಿ ಇಷ್ಟು ಪೆಟ್ರೋಲು, ಇಂಥ ಕ್ಷಣಕ್ಕೆ ಕಿಡಿ, ಎಂದು ಆಜ್ಞೆ ಮಾಡುವುದು. ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ ಒಂದು ಸೆಕೆಂಡಿನಲ್ಲಿ ೨೦೦ ಸಲ ಈ ಆಜ್ಞೆ ಹೊರಡಬೇಕು. ಪಂಚಾಂಗದ ಪುಟದಂತೆ ಆ ಕೋಷ್ಟಕದಲ್ಲಿ ಅಡ್ಡಲಾಗಿ ಸುತ್ತಿನ ಅಂಕೆ, ಉದ್ದಕ್ಕೆ ಒತ್ತಡದ ಅಂಕೆ. ಹದಿನಾರು ಸಾಲು, ಹದಿನಾರು ಕಂಬವಿದ್ದರೆ ಒಟ್ಟು ೨೫೬ ಮನೆಗಳು. ಪ್ರತಿಯೊಂದು ಮನೆಯಲ್ಲಿಯೂ ಯಾರೋ ಒಬ್ಬರು ಯೋಚಿಸಿ ಬರೆದ ಒಂದು ಅಂಕೆ.

ಇದರ ಮಹಿಮೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸುಳ್ಯದಿಂದ ಮಡಿಕೇರಿಗೆ ಹೋದರೆ ಸಾಕು. ಸುಳ್ಯವು ಕಡಲಿನ ಮಟ್ಟದಿಂದ ಸುಮಾರು ನೂರು ಮೀಟರು ಎತ್ತರದಲ್ಲಿದೆ, ಮಡಿಕೇರಿಯು ಸುಮಾರು ೧೧೫೦ ಮೀಟರು. ಅಲ್ಲಿಯ ಗಾಳಿಯ ಒತ್ತಡ ಇಲ್ಲಿಗಿಂತ ಹೆಚ್ಚುಕಡಮೆ ಎಂಟರಲ್ಲೊಂದು ಪಾಲು ಕಡಮೆ. ಕಾರ್ಬ್ಯುರೇಟರಿನ ಕಾಲದಲ್ಲಿ ಸಂಪಾಜೆ ದಾಟಿ ಮೇಲೇರಿದಂತೆ ಪೆಟ್ರೋಲಿನ ಪಾಲು ಹೆಚ್ಚಾಗಿ ಗಾಡಿ ಉಬ್ಬಸಪಡುತ್ತಿದ್ದುದನ್ನು ಹಳಬರು ಬಲ್ಲರು. ಈಗಿನ ನಿಯಾಮಕವು ಗಾಳಿ ತೆಳುವಾದುದನ್ನು ಅರಿತು ಪೆಟ್ರೋಲನ್ನು ತಾನೇ ತಗ್ಗಿಸುವುದು. ಒಳಗೆ ಕುಳಿತವರಿಗೆ ಇದೊಂದೂ ತಿಳಿಯುವುದಿಲ್ಲ. ಪೆಟ್ರೋಲು ಮತ್ತು ಕಿಡಿ ಎರಡನ್ನೂ ಒಂದೇ ಅಂಕಯಂತ್ರದ ವಶಕ್ಕೆ ಕೊಟ್ಟ ಬಾಷ್ ಕಂಪೆನಿಯ ಮೋಟ್ರಾನಿಕ್ ಎಂಬ ವ್ಯವಸ್ಥೆಯು ೧೯೭೯ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಮೊದಲು ಬಂದಿತು. ೧೯೫೧ರಲ್ಲಿ ಮೈಕೋ ಎಂಬ ಹೆಸರಿನಿಂದ ಆರಂಭವಾಗಿ ಬೆಂಗಳೂರಿನ ಮನೆಮಾತಾದ ಕಾರ್ಖಾನೆಯೂ ಅದೇ ಬಾಷ್ ಪರಿವಾರದ್ದು. ಇಂದು ಇಂಥ ಪೆಟ್ಟಿಗೆಗಳ ಒಳಬರಹವನ್ನು ಬೆಂಗಳೂರಿನಲ್ಲಿ ಕುಳಿತು ಸಿದ್ಧಪಡಿಸುವವರಲ್ಲಿ ಕನ್ನಡದ ಮಕ್ಕಳೂ ಇರುವರು. ಸುಳ್ಯದಲ್ಲಿ ೧೯೮೬ರಲ್ಲಿಯೂ ಪುತ್ತೂರಿನಲ್ಲಿ ೨೦೦೧ರಲ್ಲಿಯೂ ತಾಂತ್ರಿಕ ಮಹಾವಿದ್ಯಾಲಯಗಳು ಆರಂಭವಾದ ಬಳಿಕ ಈ ವಿದ್ಯೆ ನಮ್ಮ ಮನೆಯಂಗಳಕ್ಕೇ ಬಂದಿದೆ. ಆದುದರಿಂದ ಇದು ನಮ್ಮ ಬುದ್ಧಿಗೆ ಎಟುಕದ ಪರದೇಶದ ಮಾಯೆಯೆಂದು ದೂರ ಸರಿಯುವುದು ಸರಿಯಲ್ಲ.

ಹುಡುಗನು ನನ್ನ ಮುಂದಿಟ್ಟ ದಾರಿಗಳು ನಾಲ್ಕು. ಕಂಪೆನಿಯ ಪೆಟ್ಟಿಗೆಯನ್ನು ಇದ್ದಂತೆಯೇ ಬಿಡುವುದು ಮೊದಲನೆಯದು. ಅದರೊಳಗಿನ ಅಂಕೆಗಳನ್ನೇ ಅಳಿಸಿ ಬೇರೆ ಬರೆಯುವುದು ಎರಡನೆಯದು. ಇದಕ್ಕೆ ರೀಮ್ಯಾಪು ಎನ್ನುವರು. ಕಂಪೆನಿಯ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆಯನ್ನಿಟ್ಟು, ಅದರ ಆಜ್ಞೆಯನ್ನು ದಾರಿಯಲ್ಲಿ ತಡೆದು ಅಷ್ಟಿಷ್ಟು ತಿದ್ದಿ ಕಳುಹಿಸುವುದು ಮೂರನೆಯದು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಎಂಬುದು ಈ ಜಾತಿಯದು. ಕಂಪೆನಿಯದನ್ನು ಪೂರ್ತಿಯಾಗಿ ಕಿತ್ತು, ಸ್ವತಂತ್ರವಾದ ಹೊಸ ನಿಯಾಮಕವನ್ನು ಹೂಡುವುದು ನಾಲ್ಕನೆಯದು.

ಇದನ್ನು ಕೇಳಿದಾಗ ನನಗೆ ಪರಿಚಿತವಾದ ಊರಿನೊಳಕ್ಕೇ ಬಂದಂತಾಯಿತು. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿಯೂ ಸಾಮಾನ್ಯ ವಿಧಿಯೊಂದು, ಅದನ್ನು ವಿಶೇಷ ಸಂದರ್ಭದಲ್ಲಿ ತಡೆಯುವ ಅಪವಾದವೊಂದು, ಹೀಗೆ ಕೋಷ್ಟಕ ಕಟ್ಟಿದೆ. ಸೂತ್ರ ಸಾಲದೆಂದು ಕಂಡಲ್ಲಿ ಕಾತ್ಯಾಯನನು ಮೂಲಪಾಠವನ್ನು ಕೆಡಿಸದೆ ಪಕ್ಕದಲ್ಲಿ ವಾರ್ತಿಕವನ್ನು ಬರೆದನು. ಹುಡುಗರ ಚಿಕ್ಕ ಪೆಟ್ಟಿಗೆಯು ಹೀಗೆ ವಾರ್ತಿಕದ ಸ್ಥಾನದಲ್ಲಿರುವುದು. ರೀಮ್ಯಾಪು ಎಂದರೆ ಸೂತ್ರಪಾಠವನ್ನೇ ತಿದ್ದುವ ಸಾಹಸ. ಇನ್ನು ಸ್ವತಂತ್ರ ಪೆಟ್ಟಿಗೆಯೆಂದರೆ ಹೊಸ ವ್ಯಾಕರಣ. ಅದು ಎಂದಿಗೂ ಕೂಡದೆನ್ನಲು ಕನ್ನಡಿಗನ ನಾಲಗೆ ಏಳದು. ಕನ್ನಡದ ದೇಹವು ಸಂಸ್ಕೃತದ ದೇಹಕ್ಕಿಂತ ಬೇರೆಯಾದುದರಿಂದಲೇ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯಬೇಕಾಯಿತು. ಪಾಣಿನಿಯ ಸೂತ್ರಗಳ ಮೇಲೆಯೇ ಕನ್ನಡವನ್ನು ಓಡಿಸುವೆನೆಂದು ಹಟ ಹಿಡಿದಿದ್ದರೆ ಕನ್ನಡಕ್ಕೆ ಉಬ್ಬಸ ಹಿಡಿಯುತ್ತಿದ್ದಿತು. ಆದರೆ ಕೇಶಿರಾಜನು ಹೊಸ ಸೂತ್ರಗಳನ್ನು ಬರೆದು ಸುಮ್ಮನಾಗಲಿಲ್ಲ; ಅವಕ್ಕೆ ತಾನೇ ವೃತ್ತಿಯನ್ನೂ ಬರೆದು, ಇದು ಹೀಗೇಕೆಂಬುದನ್ನು ಓದುವವನಿಗೆ ತೆರೆದಿಟ್ಟನು. ಆ ಗ್ರಂಥವನ್ನು ಕಿಟೆಲ್ಲರು ೧೮೭೨ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚುಹಾಕಿಸಿದರು. ಈ ವೃತ್ತಿಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಸಿದ್ಧಾಂತವೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಮನೆಯ ಜಿಪ್ಸಿಯ ವಿಚಾರ. ಜಿಪ್ಸಿಯು ೧೯೮೫ರಲ್ಲಿ ಹೊರಬಂದ ಗಾಡಿ. ೨೦೦೦ದಲ್ಲಿ ಅದಕ್ಕೆ ೧೨೯೮ ಸಿ.ಸಿ.ಯ, ಹದಿನಾರು ವಾಲ್ವಿನ, ಎಂ.ಪಿ.ಎಫ್.ಐ. ಇಂಜಿನು ಬಂದಿತು, ಅದರ ಬಲ ಸುಮಾರು ೮೦ ಅಶ್ವಶಕ್ತಿ. ೨೦೧೯ರಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟ ನಿಂತಿತು. ತಮ್ಮನ ಗಾಡಿಯಲ್ಲಿ ಆ ಇಂಜಿನು ಹುಟ್ಟಿದಂತೆಯೇ ಇದೆ. ದೇಹದಲ್ಲಿ ಏನೂ ಬದಲಾಗದಿರುವಾಗ ಮಿದುಳನ್ನು ಬದಲಿಸುವ ಪ್ರಯೋಜನವೇನೆಂದು ನಾನು ಕೇಳಿದೆನು. “ಸ್ವಲ್ಪ ಪವರ್ ಹೆಚ್ಚು ಬರುತ್ತದೆ, ದೊಡ್ಡಪ್ಪ” ಎಂದನು. ಎಷ್ಟೆಂದು ಕೇಳಿದರೆ ಕೈಬೆರಳಲ್ಲಿ ಎಣಿಸುವಷ್ಟು. ಟರ್ಬೋ ಇರುವ ಹೊಸ ಡೀಸಲು ಗಾಡಿಗಳಲ್ಲಿ ಅಂಕೆಗಳನ್ನು ತಿದ್ದಿ ಗಾಳಿಯ ಒತ್ತಡವನ್ನು ಏರಿಸಿ ಗಣನೀಯವಾದ ಬಲವನ್ನು ಪಡೆಯಬಹುದಂತೆ. ಗಾಳಿಯನ್ನು ತಾನೇ ಸೇದಿಕೊಳ್ಳುವ ಹಳೆಯ ಪೆಟ್ರೋಲು ಇಂಜಿನಿನಲ್ಲಿ ಹಿಂಡುವುದಕ್ಕೆ ಅಂಥ ರಸ ಉಳಿದಿರುವುದಿಲ್ಲ.

ಆ ಅಲ್ಪ ಲಾಭಕ್ಕಾಗಿ ಬಿಟ್ಟುಕೊಡಬೇಕಾದುದು ಏನೆಂಬುದನ್ನು ನೋಡಿರಿ. ಕಂಪೆನಿಯವರು ತಮ್ಮ ಕೋಷ್ಟಕವನ್ನು ಬಿಸಿಲಿನಲ್ಲಿ, ಚಳಿಯಲ್ಲಿ, ಬೆಟ್ಟದಲ್ಲಿ, ಬಯಲಿನಲ್ಲಿ ಪರೀಕ್ಷಿಸಿ ತುಂಬಿರುವರು. ಬೆಳಗಿನ ಜಾವದಲ್ಲಿ ತಣ್ಣಗಿನ ಇಂಜಿನನ್ನು ಎಬ್ಬಿಸಲು ಒಂದು ವಿಧಿ. ಪೆಡಲನ್ನು ಥಟ್ಟನೆ ಒತ್ತಿದಾಗ ಒಂದು ವಿಧಿ. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲನ್ನು ನಿಲ್ಲಿಸಲು ಒಂದು ವಿಧಿ. ಸೆನ್ಸರೊಂದು ಸತ್ತುಹೋದರೆ ಅದರ ವರದಿಯನ್ನು ನಂಬದೆ, ಒಂದು ಸಾಧಾರಣ ಅಂಕೆಯನ್ನು ಹಿಡಿದು ಕುಂಟುತ್ತಲಾದರೂ ಮನೆ ಸೇರಿಸಲು ಒಂದು ವಿಧಿ. ಇವುಗಳಲ್ಲಿ ಬಹುತೇಕ ವಿಧಿಗಳು ವರ್ಷಕ್ಕೊಮ್ಮೆಯೂ ಎಚ್ಚರಗೊಳ್ಳಲಾರವು. ಆದರೆ ಎಚ್ಚರಗೊಳ್ಳಬೇಕಾದ ರಾತ್ರಿ ಅವು ಇಲ್ಲದಿದ್ದರೆ ಗುಂಡ್ಯದ ಕಾಡಿನಲ್ಲಿ ರೋಗಿಯೊಡನೆ ಕುಳಿತಿರಬೇಕಾದೀತು. ಸೂತ್ರದಲ್ಲಿ ಒಂದಕ್ಷರ ಹೆಚ್ಚಿದ್ದರೂ ಅದರ ಪ್ರಯೋಜನವೇನೆಂದು ಭಾಷ್ಯಕಾರರು ಪುಟಗಟ್ಟಲೆ ಶೋಧಿಸುತ್ತಾರೆಯೇ ಹೊರತು, ವ್ಯರ್ಥವೆಂದು ಥಟ್ಟನೆ ಅಳಿಸುವುದಿಲ್ಲ. ಪ್ರಯೋಜನ ತಿಳಿಯದ ವಿಧಿಯನ್ನು ಅಳಿಸುವ ಮೊದಲು ಅಷ್ಟಾದರೂ ವಿವೇಚಿಸಬೇಕು. ಇದಲ್ಲದೆ ಕಂಪೆನಿಯ ಪೆಟ್ಟಿಗೆ ಕೆಟ್ಟರೆ ಅದರ ದೋಷವನ್ನು ಓದುವ ಉಪಕರಣ ಊರೂರಿನ ಗ್ಯಾರೇಜಿನಲ್ಲಿದೆ. ಹೊರಗಿನದು ಕೆಟ್ಟರೆ ಅದನ್ನು ಹೂಡಿದವನೇ ಬರಬೇಕು.

ಇಲ್ಲಿ ಹುಡುಗನು ಒಂದು ಬಲವಾದ ಆಕ್ಷೇಪವನ್ನು ತಂದನು. “ಕಂಪೆನಿಯದ್ದು ಎಂದ ಮಾತ್ರಕ್ಕೆ ಶುದ್ಧವೇ, ದೊಡ್ಡಪ್ಪ? ಫೋಕ್ಸ್‌ವ್ಯಾಗನ್‌ನವರು ಏನು ಮಾಡಿದರು?” ಮಾತು ಸತ್ಯವೇ. ೨೦೧೫ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ತಿಳಿದಂತೆ, ಆ ದೊಡ್ಡ ಕಂಪೆನಿಯು ಸುಮಾರು ಒಂದು ಕೋಟಿ ಹತ್ತು ಲಕ್ಷ ಡೀಸಲು ಕಾರುಗಳ ನಿಯಾಮಕದಲ್ಲಿ ಒಂದು ಕಪಟವಿಧಿಯನ್ನು ಅಡಗಿಸಿದ್ದಿತು. ಪರೀಕ್ಷೆಯ ಕಾಲದಲ್ಲಿ ಹೊಗೆಯನ್ನು ತಗ್ಗಿಸಿ, ರಸ್ತೆಯಲ್ಲಿ ಬೇಕಾದಂತೆ ಬಿಡುವ ವಿಧಿ ಅದು. ಮೂಲಪಾಠವೆಂಬ ಕಾರಣಕ್ಕೆ ಅದು ಪ್ರಮಾಣವಾಗದೆಂಬುದನ್ನು ನಾನು ಒಪ್ಪಿದೆನು. ಆದರೆ ಆ ವಂಚನೆ ಬಯಲಾದ ಬಗೆಯನ್ನೂ ನೋಡಬೇಕು. ಅಮೆರಿಕೆಯ ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಾರುಗಳನ್ನು ರಸ್ತೆಯಲ್ಲಿಯೇ ಓಡಿಸಿ ಹೊಗೆಯನ್ನು ಅಳೆದುದೇ ಅದಕ್ಕೆ ಮೊದಲಾಯಿತು. ಕಂಪೆನಿಯ ಕೋಷ್ಟಕವಾದರೂ ಸರಿ, ಹೊರಗಿನವನ ಕೋಷ್ಟಕವಾದರೂ ಸರಿ, ಅಳೆದು ನೋಡುವವನು ಒಬ್ಬನಿರಬೇಕು. ಮನೆಯ ಜಿಪ್ಸಿಯನ್ನು ಇಪ್ಪತ್ತು ವರ್ಷದ ಮಳೆಗಾಲಗಳು ಅಳೆದು ನೋಡಿವೆ. ಅದರ ಪೆಟ್ಟಿಗೆಯನ್ನು ಮುಟ್ಟಬಾರದೆಂದು ನಾನು ಹೇಳಿದೆನು; ಅವನೂ ಹೆಚ್ಚು ವಾದಿಸಲಿಲ್ಲ.

ಆಟದ ಜಿಪ್ಸಿಯ ವಿಚಾರವು ಇಷ್ಟು ಸುಲಭವಾಗಿರಲಿಲ್ಲ. ಅದಕ್ಕೆ ಅವರು ತಂದಿರುವುದು ಮಾರುತಿಯವರ ಹಳೆಯ ಬೆಲೆನೋ ಕಾರಿನ ೧೫೯೦ ಸಿ.ಸಿ.ಯ ಇಂಜಿನು. ಆ ಕಾರು ೧೯೯೯ರಿಂದ ೨೦೦೭ರವರೆಗೆ ಇದ್ದಿತು. ಈಗ ರಸ್ತೆಯಲ್ಲಿ ಕಾಣುವ ಬೆಲೆನೋ ಹೆಸರಿನಲ್ಲಿ ಮಾತ್ರ ಅದರ ಸಂತಾನ. ಜಿಪ್ಸಿಗೆ ಈ ಇಂಜಿನನ್ನು ಕೂರಿಸುವುದು ರ್‍ಯಾಲಿಯ ಹುಡುಗರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಂತೆ. ಹೀಗಿರಲು ಮೂಲ ಯಾವುದೆಂಬುದೇ ಸಂದೇಹವಾಯಿತು. ಗಾಡಿಯ ಮೂಲ ಪೆಟ್ಟಿಗೆಯು ಚಿಕ್ಕ ಇಂಜಿನಿಗೆಂದು ಬರೆದ ವ್ಯಾಕರಣ. ದೊಡ್ಡ ಇಂಜಿನಿಗೆ ಅದು ಸಲ್ಲದು. ಇಂಜಿನಿನ ಮೂಲ ಪೆಟ್ಟಿಗೆಯಾದರೋ ಅದಕ್ಕೆಂದೇ ಬರೆದುದು. ದೇಹದೊಡನೆ ಅದರ ಮಿದುಳನ್ನೂ ತರುವುದು ನ್ಯಾಯವಲ್ಲವೇ ಎಂದು ಕೇಳಿದೆನು.

ಅದಕ್ಕೆ ಉತ್ತರ ಕೊಟ್ಟವನು ಮೆಕ್ಯಾನಿಕನು. “ಮಾಷ್ಟ್ರೇ, ಆ ಪೆಟ್ಟಿಗೆಗೆ ಇಪ್ಪತ್ತು ವರ್ಷ ದಾಟಿತು. ಗುಜರಿಯಿಂದ ಬಂದದ್ದರ ಜಾತಕ ಯಾರಿಗೆ ಗೊತ್ತುಂಟು? ಮಳೆನೀರು ಕುಡಿದಿದೆಯೋ, ಯಾರಾದರೂ ವಯರು ಕತ್ತರಿಸಿದ್ದಾರೋ, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಇವತ್ತು ಸ್ಟಾರ್ಟ್ ಆಗುತ್ತದೆ. ನಾಳೆಯದ್ದು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.” ಇಷ್ಟೇ ಅಲ್ಲದೆ, ಹುಡುಗರು ಮುಂದೆ ಕ್ಯಾಮ್‌ಶಾಫ್ಟನ್ನೂ ಬದಲಿಸುವರಂತೆ. ವಾಲ್ವುಗಳು ತೆರೆದು ಮುಚ್ಚುವ ಹೊತ್ತು ಬದಲಾದರೆ ಇಂಜಿನು ಸೇದುವ ಗಾಳಿಯ ಲೆಕ್ಕವೇ ಬದಲಾಗುವುದು. ಹಳೆಯ ಕೋಷ್ಟಕದ ೨೫೬ ಮನೆಗಳೂ ಒಂದೊಂದಾಗಿ ಸುಳ್ಳಾಗುವುವು. ಪಕ್ಕದಲ್ಲಿ ವಾರ್ತಿಕದ ಪೆಟ್ಟಿಗೆಯನ್ನಿಟ್ಟರೂ ತಿದ್ದುಪಡಿಗೆ ಒಂದು ಮಿತಿಯಿದೆ. ಪೆಟ್ರೋಲು ಕಡಮೆಯಾಗಿ ಕಿಡಿ ಮುಂಚಿತವಾಗಿ ಬಿದ್ದರೆ ಇಂಜಿನಿನೊಳಗೆ ಬಡಿತ ಹುಟ್ಟಿ ಪಿಸ್ಟನ್ನೇ ಕರಗಿ ತೂತಾದೀತು. ದೇಹ ಇಷ್ಟು ಬದಲಾದ ಮೇಲೆ ಹೊಸ ವ್ಯಾಕರಣ ಬೇಕೆಂಬುದನ್ನು ಕೇಶಿರಾಜನ ನಾಡಿನವನಾದ ನಾನು ಹೇಗೆ ಅಲ್ಲಗಳೆಯಲಿ? ಈ ಗಾಡಿಗೆ ಹೊರಗಿನ ಪೆಟ್ಟಿಗೆಯೇ ತಕ್ಕುದೆಂದು ಒಪ್ಪಿದೆನು.

ಯಾವ ಪೆಟ್ಟಿಗೆ ಎಂಬಲ್ಲಿ ನಮ್ಮಿಬ್ಬರಿಗೆ ನಿಜವಾದ ಭಿನ್ನಾಭಿಪ್ರಾಯ ಬಂದಿತು. ಈ ಜಾತಿಯ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾ ದೇಶದ ಹಾಲ್‌ಟೆಕ್, ಮೋಟೆಕ್ ಎಂಬಿವು ೧೯೮೦ರ ದಶಕದಿಂದ ಪ್ರಸಿದ್ಧವಾಗಿವೆ. ಅಂಥ ಹೊರದೇಶದ ಪೆಟ್ಟಿಗೆ, ವಯರಿಂಗು, ಸೆನ್ಸರು, ಅಂಕೆ ತುಂಬುವವನ ಕೂಲಿ ಎಲ್ಲವೂ ಸೇರಿದರೆ ಲಕ್ಷ ರೂಪಾಯಿಯ ಗಡಿ ಸುಲಭವಾಗಿ ದಾಟುವುದು. ಇನ್ನೊಂದು ಕಡೆಯಲ್ಲಿ, ೨೦೦೧ರಲ್ಲಿ ಬೌಲಿಂಗ್ ಮತ್ತು ಗ್ರಿಪೋ ಎಂಬ ಇಬ್ಬರು ಅಮೆರಿಕನ್ನರು ಮೆಗಾಸ್ಕ್ವರ್ಟ್ ಎಂಬ ಪೆಟ್ಟಿಗೆಯ ನಕ್ಷೆಯನ್ನು ಪ್ರಕಟಿಸಿ, ಬೇಕಾದವರು ತಾವೇ ಬೆಸುಗೆ ಹಾಕಿ ಕಟ್ಟಿಕೊಳ್ಳುವಂತೆ ಮಾಡಿದರು. ಅದರ ದಾರಿಯಲ್ಲಿಯೇ ಆಮೇಲೆ ಸ್ಪೀಡುಯಿನೋ ಎಂಬುದು ಬಂದಿದೆ. ಹುಡುಗನು ಬಯಸಿದುದು ದೊಡ್ಡ ಹೆಸರಿನ ಪೆಟ್ಟಿಗೆಯನ್ನು. ಅದಕ್ಕೆ ನನ್ನ ಆಕ್ಷೇಪವಿರಲಿಲ್ಲ. ಆದರೆ ಅದರೊಳಗಿನ ಅಂಕೆಗಳನ್ನು ತುಂಬುವ ಟ್ಯೂನರನೊಬ್ಬನು, ತಾನು ತುಂಬಿದ ಕೋಷ್ಟಕಕ್ಕೆ ಗುಪ್ತಪದದ ಬೀಗ ಹಾಕಿ ಕೊಡುವನೆಂದೂ, ಆ ಬೀಗದ ಕೈ ಗಾಡಿಯ ಒಡೆಯನಿಗೆ ಸಿಗದೆಂದೂ ತಿಳಿದಾಗ ನಾನು ಬೇಡವೆಂದೆನು.

ಇದಕ್ಕೆ ಕಾರಣವಿದ್ದಿತು. ನಮಗೆ ಪರಿಚಿತವಾದ ಒಂದು ತೋಟದ ಮನೆಯವರು ಇದೇ ರೀತಿ ಬೀಗ ಹಾಕಿದ ಕೋಷ್ಟಕವನ್ನು ಹಾಕಿಸಿಕೊಂಡಿದ್ದರು. ದೂರದ ಬಯಲುಸೀಮೆಯಲ್ಲಿ ಪರೀಕ್ಷೆಯಾಗಿ ಬಂದ ಗಾಡಿ, ಇಲ್ಲಿ ಮಳೆ ಹಿಡಿದ ಮೇಲೆ ಬೆಳಗ್ಗೆ ಎಬ್ಬಿಸಿದರೆ ಏಳದು. ಎದ್ದರೆ ಪೆಟ್ರೋಲಿನ ನಾತ. ಅಂಕೆ ತುಂಬಿದವನು ಮೊದಲು ನಾಳೆ ಎಂದನು, ಆಮೇಲೆ ಫೋನು ಎತ್ತಲಿಲ್ಲ. ತಣ್ಣಗಿನ ಇಂಜಿನಿಗೆ ಊಡುವ ಪೆಟ್ರೋಲಿನ ಸಾಲಿನಲ್ಲಿ ನಾಲ್ಕಾರು ಅಂಕೆಗಳನ್ನು ತಗ್ಗಿಸಿದರೆ ತೀರುವ ರೋಗವೆಂದು ನಮ್ಮ ಮೆಕ್ಯಾನಿಕನು ಹೇಳುತ್ತಿದ್ದನು. ಆದರೆ ಬೀಗ! ತಾನು ಹಣ ಕೊಟ್ಟು ಬರೆಸಿದ ಗ್ರಂಥವನ್ನು ತಾನೇ ಬಿಡಿಸಿ ಓದಲಾರದೆ ಆ ಒಡೆಯರು ಗಾಡಿಯನ್ನು ಒಂದು ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಲ್ಲಿಸಿದರು.

ಹುಡುಗನು ಟ್ಯೂನರನ ಪಕ್ಷವನ್ನು ವಹಿಸಿ ಮಾತನಾಡಿದನು. ಅವನ ಮಾತಿನಲ್ಲಿಯ ನ್ಯಾಯವನ್ನು ನಾನು ಮರೆಮಾಚಲಾರೆನು. “ಅದು ಅವರು ಹತ್ತು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ, ದೊಡ್ಡಪ್ಪ. ಬೀಗ ಹಾಕದೆ ಕೊಟ್ಟರೆ ನಾಳೆ ಹತ್ತು ಜನ ನಕಲು ಮಾಡಿ ಹಾಕಿಕೊಳ್ಳುತ್ತಾರೆ. ಅವರ ಹೊಟ್ಟೆಪಾಡು ಏನಾಗಬೇಕು?” ವಿದ್ಯೆಯಿಂದ ಬದುಕುವವನ ಪಾಡು ಅಧ್ಯಾಪಕನಾಗಿದ್ದವನಿಗೆ ತಿಳಿಯದುದಲ್ಲ. ಗುರುವಿಗೆ ದಕ್ಷಿಣೆ ಸಲ್ಲಲೇಬೇಕು. ಬೇಕಾದರೆ ಹೆಚ್ಚು ಸಲ್ಲಲಿ. ಇನ್ನೊಬ್ಬರಿಗೆ ಕೊಡುವುದಿಲ್ಲವೆಂದು ಮಾತು ಕೊಡಬೇಕಾದರೆ ಕೊಡೋಣ, ಬರೆದೂ ಕೊಡೋಣ. ಆದರೆ ನಮ್ಮ ಗಾಡಿಯ ಒಂದೊಂದು ಅಂಕೆಯೂ ನಮಗೆ ಕಾಣುವಂತಿರಬೇಕು. ಇದು ಹೀಗೇಕೆಂದು ಕೇಳಿದರೆ ಹೇಳುವಂತಿರಬೇಕು. ವೃತ್ತಿಯಿಲ್ಲದ ಸೂತ್ರವನ್ನು ಪಾಠ ಮಾಡಬಹುದು, ಪ್ರಯೋಗ ಮಾಡುವುದು ಅಪಾಯ. ಕಂಪೆನಿಯ ಪೆಟ್ಟಿಗೆಯೂ ಮುಚ್ಚಿಯೇ ಇದೆಯಲ್ಲ ಎಂದು ಅವನು ಮತ್ತೆ ಕೇಳಿದನು. ನಿಜ, ಮುಚ್ಚಿದೆ. ಆದರೆ ಅದರ ಹಿಂದೆ ಸಾವಿರಾರು ಗಾಡಿಗಳ ಅನುಭವವೂ, ಪ್ರತಿ ಊರಿನಲ್ಲಿ ಅದನ್ನು ಬಲ್ಲವರೂ ಇದ್ದಾರೆ. ಒಂದೇ ಗಾಡಿಗೆಂದು ಒಬ್ಬನೇ ಬರೆದ ಕೋಷ್ಟಕಕ್ಕೆ ಆ ಬೆಂಬಲವಿಲ್ಲ. ಅದರ ಬೆಂಬಲವೆಲ್ಲ ಅದು ತೆರೆದಿರುವುದರಲ್ಲಿಯೇ ಇದೆ. ತೆರೆದು ಓದಬಹುದಾಗಿರುವುದೇ ಹೊರಗಿನ ಪೆಟ್ಟಿಗೆಯ ದೊಡ್ಡ ಗುಣ. ಆ ಗುಣವನ್ನೇ ಬೀಗದಿಂದ ಕಳೆದುಕೊಂಡರೆ ಎರಡು ಪಕ್ಷದ ದೋಷಗಳೂ ಒಂದೇ ಗಾಡಿಯಲ್ಲಿ ಕೂಡಿದಂತಾಗುವುದು.

ರಾಜಶಾಸನದ ಮಾತನ್ನೂ ಇಲ್ಲಿ ಹೇಳಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಮೊದಲು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ದಂಡವೂ ಬಿಗಿಯಾಗಿದೆ. ಇಂಜಿನನ್ನು ಬದಲಿಸುವುದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಕೆ.ಎ. ೨೧ ಎಂಬ ಪುತ್ತೂರಿನ ಫಲಕ ಹೊತ್ತ ಗಾಡಿ ಪುತ್ತೂರಿನ ಬೀದಿಯಲ್ಲಿ ಪುಸ್ತಕದಲ್ಲಿ ಬರೆಯದ ಇಂಜಿನಿನೊಡನೆ ಓಡಾಡುತ್ತಾ ಯಾರಿಗಾದರೂ ತಾಗಿದರೆ, ವಿಮೆಯವರು ಕೇಳುವ ಪ್ರಶ್ನೆಗೆ ಉತ್ತರವಿರಲಾರದು. ಆದುದರಿಂದ ಆಟದ ಜಿಪ್ಸಿಯು ರಸ್ತೆಗೆ ಇಳಿಯಕೂಡದು. ಸ್ಪರ್ಧೆಯ ಬಯಲಿಗೆ ಲಾರಿಯ ಮೇಲೆಯೇ ಹೋಗಿ ಲಾರಿಯ ಮೇಲೆಯೇ ಬರಬೇಕೆಂದು ತಮ್ಮನು ಕಟ್ಟುನಿಟ್ಟಾಗಿ ಹೇಳಿದನು. ೨೦೨೦ರ ಬಿ.ಎಸ್. ೬ ನಿಯಮದ ಬಳಿಕ ಬಂದ ಥಾರ್ ಮೊದಲಾದ ಹೊಸ ಗಾಡಿಗಳ ಮಾತು ಇನ್ನೂ ಕಠಿಣ. ಅವುಗಳಲ್ಲಿ ನಿಯಾಮಕವು ಬೀಗದ ಕೈಯೊಡನೆಯೂ ಬ್ರೇಕಿನೊಡನೆಯೂ ಹೊಗೆ ಶುದ್ಧಿ ಮಾಡುವ ವ್ಯವಸ್ಥೆಯೊಡನೆಯೂ ಮಾತನಾಡುತ್ತಿರುವುದರಿಂದ, ಕಿತ್ತು ಬೇರೆಯದನ್ನಿಡುವುದು ಹೆಣೆದ ಬಟ್ಟೆಯಿಂದ ಹಾಸನ್ನು ಎಳೆದಂತೆ.

ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದ ದಾರಿಯನ್ನು ತೋರಿಸಿದವನು ಮೆಕ್ಯಾನಿಕನೇ. ಹೊಸ ಇಂಜಿನನ್ನು ಮೊದಲು ಅದರ ಸ್ವಂತ ಹಳೆಯ ಪೆಟ್ಟಿಗೆಯಿಂದಲೇ ಎಬ್ಬಿಸಿ, ಕೆಲವು ತಿಂಗಳು ತೋಟದೊಳಗೆ ಓಡಿಸಿ ನೋಡಬೇಕು. ಕ್ಯಾಮ್‌ಶಾಫ್ಟು ಬದಲಾಗದ ತನಕ ಆ ಕೋಷ್ಟಕ ಸರಿಯಾದುದೇ. ಎಣ್ಣೆ ಸೋರುವುದು, ಬಿಸಿಯೇರುವುದು, ಗಾಳಿ ಕದಿಯುವುದು ಮುಂತಾದ ದೇಹದ ರೋಗಗಳೆಲ್ಲ ಆಗ ತಿಳಿಯುವುವು. ಹೊಸ ದೇಹ, ಹೊಸ ಮಿದುಳು ಎರಡನ್ನೂ ಒಂದೇ ದಿನ ಕೂಡಿಸಿದರೆ, ಗಾಡಿ ನಿಂತಾಗ ದೋಷ ಯಾರದೆಂದು ಹೇಳುವುದು ಬ್ರಹ್ಮನಿಗೂ ಕಷ್ಟ. ಆ ಬಳಿಕ ಹೊರಗಿನ ಪೆಟ್ಟಿಗೆ ಬರಲಿ. ಗುಪ್ತಪದವು ಒಡೆಯನ ಕೈಯಲ್ಲಿರಲಿ. ಹುಡುಗನು ತಾನೇ ಟ್ಯೂನರನ ಪಕ್ಕದಲ್ಲಿ ಕುಳಿತು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರಿನ ಅಂಕೆಯನ್ನು ನೋಡುತ್ತಾ ಕೋಷ್ಟಕವನ್ನು ತುಂಬಲಿ. ತುಂಬಿದ ಕೋಷ್ಟಕದ ಒಂದು ಪ್ರತಿ ಗಾಡಿಯಲ್ಲಿ, ಒಂದು ಪ್ರತಿ ಮನೆಯಲ್ಲಿ. ಕಳಚಿದ ಹಳೆಯ ಪೆಟ್ಟಿಗೆಯನ್ನೂ ಅದರ ತಂತಿಯ ಕಟ್ಟನ್ನೂ ಮಾರದೆ, ಇಲಿಗೂ ತೇವಕ್ಕೂ ಸಿಗದಂತೆ ಮಡಿಸಿ ಕಪಾಟಿನಲ್ಲಿಡಬೇಕು. ಹೊಸ ಪ್ರತಿಯಲ್ಲಿ ತಪ್ಪು ನುಸುಳಿದರೆ ಹಿಂದಿರುಗಿ ನೋಡಲು ಓಲೆಗರಿಯ ಮೂಲವನ್ನು ಕಾದಿಡುವುದು ನಮ್ಮ ಮನೆತನಗಳಿಗೆ ಹೊಸತಲ್ಲ. ಒಂದು ಗಾಡಿಗೆ ಕಂಪೆನಿಯದು, ಒಂದಕ್ಕೆ ಹೊರಗಿನದು ಎಂದು ಹೇಳಿದ ದೊಡ್ಡಪ್ಪನ ತೀರ್ಪಿನಲ್ಲಿ ಸ್ಥಿರತೆಯಿಲ್ಲವೆಂದು ತಮ್ಮನು ನಕ್ಕನು. ಎರಡಕ್ಕೂ ಕೇಳಿದ ಪ್ರಶ್ನೆ ಒಂದೇ ಆಗಿದ್ದಿತು: ದೇಹ ಎಷ್ಟು ಬದಲಾಗಿದೆ, ಮತ್ತು ಈ ಅಂಕೆಗಳಿಗೆ ಉತ್ತರ ಹೇಳಬಲ್ಲವರು ಕೂಗಳತೆಯಲ್ಲಿ ಯಾರಿದ್ದಾರೆ?

ಬೆಲೆನೋ ಇಂಜಿನು ಈಗ ತನ್ನ ಹಳೆಯ ಪೆಟ್ಟಿಗೆಯೊಡನೆಯೇ ತೋಟದ ದಾರಿಯಲ್ಲಿ ಓಡುತ್ತಿದೆ. ಹೊಸ ಪೆಟ್ಟಿಗೆ ಇನ್ನೂ ಬಂದಿಲ್ಲ. ಹುಡುಗನು ಸಂಜೆ ಹೊತ್ತು ಜಗಲಿಯಲ್ಲಿ ೨೫೬ ಮನೆಗಳ ಕಾಗದವನ್ನು ಹರಡಿಕೊಂಡು, ಯಾವ ಮನೆಗೆ ಯಾವ ಅಂಕೆ ಬರಬಹುದು, ಏಕೆ ಬರಬೇಕು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯುತ್ತಿರುವನು. ಬರೆದುದನ್ನು ನನಗೆ ಓದಿ ಅರ್ಥ ಹೇಳಿದ ಮೇಲೆಯೇ ಹಣವೆಂಬುದು ತಮ್ಮನ ಷರತ್ತು. ಕೆಳಗಿನ ಆರು ಸಾಲುಗಳ ಪಾಠ ಮುಗಿದಿದೆ. ಭಾರ ಹೊತ್ತು ಏರು ಹತ್ತುವ ಮೇಲಿನ ಹತ್ತು ಸಾಲುಗಳು ಇನ್ನೂ ಉಳಿದಿವೆ.